ಹೆಂಗಸರ ವಾರ್ಡಿನ ಅಳತೆ

ಮಾರ್ಚ್ ೬, ಬುಧವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮ ಚೋಟುವಿನ ನಮಸ್ಕಾರ. ಬೈಯುವುದೆಲ್ಲ ಮೊದಲೇ ಬೈದು ಮುಗಿಸಿಬಿಡು, ಆಮೇಲೆ ಓದು. ನಿನ್ನ ಎರಡು ಕಾಗದ ಬಂದು ತಿಂಗಳುಗಳೇ ಆದವು. ಎರಡೂ ನನ್ನ ಮೇಜಿನ ಮೇಲೆ ಸ್ಕೇಲಿನ ಕೆಳಗೆ ಕೂತು ನನ್ನನ್ನೇ ನೋಡುತ್ತಿವೆ. "ಅಕ್ಕನಿಗೆ ಬರೆದ್ರಾ?" ಎಂದು ನನ್ನಾಕೆ ದಿನಾ ಕೇಳುತ್ತಾಳೆ, "ಇವತ್ತು ಬರೀತೀನಿ" ಎಂದು ನಾನೂ ದಿನಾ ಹೇಳುತ್ತೇನೆ. ಅರವತ್ತು ತುಂಬಿದರೂ ಹೋಂವರ್ಕ್ ಮಾಡದ ಹುಡುಗನ ಪಾಡು ತಪ್ಪಲಿಲ್ಲ ನೋಡು.

ಮಂಡಿನೋವು ಹೇಗಿದೆ? ನಿನ್ನ ಹತ್ತಿರ ಹೊಲಿಗೆ ಕಲಿಯಲು ಬರುವ ಹುಡುಗಿಯರು ಕತ್ತರಿ ಕಳೆಯುವುದನ್ನು ನಿಲ್ಲಿಸಿದರೋ ಇಲ್ಲವೋ? ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಅಂದರೆ ನನ್ನಾಕೆ ಚೆನ್ನಾಗಿದ್ದಾಳೆ. ನನಗೆ ಮೂರು ದಿನದಿಂದ ಊಟ ಗಂಟಲಲ್ಲಿ ಇಳಿಯುತ್ತಿಲ್ಲ. ಅದಕ್ಕೇ ಈ ಕಾಗದ.

ನಿವೃತ್ತಿಯಾಗಿ ಮನೆಯಲ್ಲಿ ಕೂತ ಮೂರೇ ತಿಂಗಳಿಗೆ ನನ್ನ ಇಲಾಖೆಯವರು ಮತ್ತೆ ಕರೆದರು. ಹಳೆಯ ಜಿಲ್ಲಾ ಜೈಲನ್ನು ವಸ್ತುಸಂಗ್ರಹಾಲಯ ಮಾಡುತ್ತಿರುವುದು ನಿನಗೆ ಗೊತ್ತೇ ಇದೆ. ಅದರ ಕಟ್ಟಡದ ಚರಿತ್ರೆಯನ್ನು ಒಂದು ಪುಸ್ತಿಕೆಯಾಗಿ ಬರೆದುಕೊಡಿ, ಆ ಕಟ್ಟಡ ನಿಮ್ಮಷ್ಟು ಯಾರಿಗೂ ಗೊತ್ತಿಲ್ಲ ಎಂದರು. ನನಗೆ ನಗು ಬಂತು. ನೀನು ಅದರ ಒಳಗೆ ಎರಡು ವರ್ಷ ಎರಡು ತಿಂಗಳು ಇದ್ದವಳು. ನಾನು ಹನ್ನೊಂದು ದಿನ ಅಳತೆ ಟೇಪು ಹಿಡಿದು ತಿರುಗಿದವನು.

ಹೌದು ಅಕ್ಕ, ಇದನ್ನು ನಿನಗೆ ಎಂದೂ ಹೇಳಿಲ್ಲ. ಗಿರಣಿ ಮುಷ್ಕರದಲ್ಲಿ ನಿಮ್ಮನ್ನೆಲ್ಲ ಹಿಡಿದುಕೊಂಡು ಹೋದ ಮರುವರ್ಷ, ನಾನು ನಕ್ಷೆಗಾರನಾಗಿ ನೌಕರಿಗೆ ಸೇರಿ ಆರು ತಿಂಗಳಾಗಿತ್ತು. ಆ ಜೈಲಿನ ಅಳತೆ ನಕ್ಷೆ ಮಾಡುವ ಕೆಲಸ ನನ್ನ ತಲೆಗೇ ಬಂತು. ನೀನು ಮಹಡಿಯ ಮೇಲೆ ಇದ್ದೆ, ನಾನು ಕೆಳಗೆ ಗೋಡೆ ಅಳೆಯುತ್ತಿದ್ದೆ. ಅಮ್ಮ ತಿಂಗಳಿಗೊಮ್ಮೆ ನಿನ್ನನ್ನು ನೋಡಲು ಬರುತ್ತಿದ್ದಳು, ನಾನು ಬರುತ್ತಿರಲಿಲ್ಲ. ಹನ್ನೊಂದು ದಿನ ಅದೇ ಬಾಗಿಲಲ್ಲಿ ಹೋಗಿ ಬಂದೆ ಎಂದು ಯಾವ ಬಾಯಲ್ಲಿ ನಿನಗೆ ಹೇಳಲಿ?

ಮೊದಲು ಕಟ್ಟಡದ ವಿಷಯ ಬರೆಯುತ್ತೇನೆ. ಅದನ್ನು ಬರೆಯುವಾಗ ಕೈ ನಡುಗುವುದಿಲ್ಲ. ನಿಮ್ಮ ಜೈಲು ಹುಟ್ಟುವಾಗ ಜೈಲಾಗಿರಲಿಲ್ಲ, ಕಾಳು ತುಂಬುವ ಉಗ್ರಾಣವಾಗಿತ್ತು. ಗೋಡೆ ಮೂರಡಿ ದಪ್ಪ ಇರುವುದು ಕೈದಿಗಳಿಗೆ ಹೆದರಿ ಅಲ್ಲ, ಹೆಗ್ಗಣಗಳಿಗೆ ಹೆದರಿ. ಕೆಳಗಿನ ಬ್ಯಾರಕ್ಕುಗಳಲ್ಲಿ ಆಳೆತ್ತರದ ಮೇಲೆ ಇರುವ ಪುಟ್ಟ ಕಿಟಕಿಗಳು ಕಾಳು ಸುರಿಯುತ್ತಿದ್ದ ಬಾಯಿಗಳು. ಕಾಳು ಹೋಗಿ ಮನುಷ್ಯರು ಬಂದ ಮೇಲೆ ಅವಕ್ಕೆ ಸರಳು ಹಾಕಿದರು. ಹೊರಗೋಡೆಯನ್ನು ಎರಡು ಸಲ ಎತ್ತರಿಸಿದ್ದಾರೆ. ತಳದಲ್ಲಿ ಕಪ್ಪು ಕಲ್ಲು, ಅದರ ಮೇಲೆ ಕೆಂಪು ಕಲ್ಲು, ತುದಿಯಲ್ಲಿ ಇಟ್ಟಿಗೆ. ದಫ್ತರ ತೆಗೆದು ನೋಡಿದರೆ ಎರಡು ಸಲವೂ ಯಾರೋ ಹಾರಿ ಓಡಿಹೋದ ಮೇಲೆಯೇ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಬುದ್ಧಿ ಸರ್ಕಾರಕ್ಕೆ ಆಗಲೂ ಇತ್ತು. ಪುಸ್ತಿಕೆಯಲ್ಲಿ ಈ ಮಾತು ಬರೆದಿದ್ದೆ, ವಸ್ತುಸಂಗ್ರಹಾಲಯ ಸಮಿತಿಯ ಅಧ್ಯಕ್ಷರು ಹೊಡೆದುಹಾಕಿದರು.

ಮಹಡಿಯ ಮೇಲೆ ಉಗ್ರಾಣದ ಗುಮಾಸ್ತರು ಕೂರುತ್ತಿದ್ದ ಎರಡು ಕೋಣೆಗಳಿದ್ದವು, ನಡುವೆ ಒಂದು ಗೋಡೆ. ಅದೇ ಆಮೇಲೆ ಹೆಂಗಸರ ವಾರ್ಡು. ಸಣ್ಣದು ಕಾಯಿಲೆಯವರಿಗೆ, ದೊಡ್ಡದು ನಿಮ್ಮಂಥವರಿಗೆ. ಆ ನಡುಗೋಡೆಯೇ ಈಗ ನನ್ನ ಎದೆಯ ಮೇಲೆ ಕೂತಿರುವುದು.

ನಮ್ಮ ಕಸುಬಿನಲ್ಲಿ ಒಂದು ರೂಢಿ ಇದೆ. ಕೆಳಗಿನ ಅಂತಸ್ತು ಅಳೆದು ಬರೆದ ಮೇಲೆ ಅದರ ಮೇಲೆ ಟ್ರೇಸಿಂಗ್ ಕಾಗದ ಹಾಸಿ ಮಹಡಿಯ ಗೋಡೆಗಳನ್ನು ಪೆನ್ಸಿಲಿನಲ್ಲಿ ಎಳೆದುಕೊಳ್ಳುತ್ತೇವೆ. ಗೋಡೆಯ ಮೇಲೆ ಗೋಡೆ ಬರುವುದು ಎಲ್ಲ ಕಡೆಯ ಪದ್ಧತಿ ತಾನೆ? ಆಮೇಲೆ ಮೇಲಕ್ಕೆ ಹತ್ತಿ ಅಳೆದು, ವ್ಯತ್ಯಾಸ ಇದ್ದರೆ ತಿದ್ದಿ, ಆಗ ಇಂಕು ಹಾಕಬೇಕು. ನಾನು ಅಳೆಯಲಿಲ್ಲ. ಪೆನ್ಸಿಲ್ ಗೆರೆಗೇ ಇಂಕು ಹಾಕಿಬಿಟ್ಟೆ. ಮೇಲೆ ಹೆಂಗಸರಿದ್ದರು, ಗಂಡಸು ಒಳಗೆ ಕಾಲಿಡಲು ಅನುಮತಿ ಬರುವಷ್ಟರಲ್ಲಿ ವಾರ ಕಳೆಯುತ್ತಿತ್ತು, ಮೇಲಿನವರು ಅವಸರ ಮಾಡುತ್ತಿದ್ದರು. ಹಾಗೆಂದು ತಿಳಿದುಕೋ.

ಅಷ್ಟಕ್ಕೇ ಮುಗಿದಿದ್ದರೆ ಒಂದು ಹಾಳೆ ತಪ್ಪು, ಅಷ್ಟೇ. ಆದರೆ ಕೆಳಗಿನ ಕೋಣೆಯ ಮಧ್ಯೆ ಎರಡು ಮರದ ಕಂಬಗಳಿದ್ದವು. ನನ್ನ ನಕ್ಷೆಯ ಪ್ರಕಾರ ಅವುಗಳ ತಲೆಯ ಮೇಲೆ ಏನೂ ಇಲ್ಲ. ಯಾವುದೋ ಕಾಲದ ಅಟ್ಟದ ಕಂಬ ಇರಬೇಕೆಂದು ಅವುಗಳ ಪಕ್ಕದಲ್ಲಿ ನನ್ನ ಮುತ್ತಿನಂಥ ಅಕ್ಷರದಲ್ಲಿ "ಭಾರ ಹೊರುವುದಿಲ್ಲ" ಎಂದು ಬರೆದೆ. ಕಳೆದ ತಿಂಗಳು, ಪ್ರದರ್ಶನಕ್ಕೆ ಜಾಗ ಬೇಕೆಂದು ಆ ಎರಡೂ ಕಂಬ ತೆಗೆಸಿದರು. ಯಾಕೆ ತೆಗೆಸಿದಿರಿ ಎಂದು ಕೇಳುವ ಹಾಗೂ ಇಲ್ಲ, ಬರೆದವನು ನಾನೇ.

ಮೊನ್ನೆ ಸೋಮವಾರ ಪುಸ್ತಿಕೆಗೆ ಬೇಕೆಂದು ಮಹಡಿ ಹತ್ತಿ ಟೇಪು ಹಿಡಿದೆ. ನಡುಗೋಡೆ ನನ್ನ ನಕ್ಷೆಯಲ್ಲಿ ಇರುವ ಜಾಗದಲ್ಲಿ ಇಲ್ಲ. ನಾಲ್ಕಡಿ ಎರಡು ಅಂಗುಲ ಆಚೆಗಿದೆ. ಕೈ ತಪ್ಪಿತೆಂದು ಇನ್ನೊಂದು ಕಡೆಯಿಂದ ಅಳೆದೆ. ಅಷ್ಟೇ ಬಂತು. ಮೂರನೆಯ ಸಲ ಅಳೆಯುವಾಗ ತೆರೆದ ನೋಟುಪುಸ್ತಕದ ಮೇಲೆ ಗಾರೆಯ ಪುಡಿ ಉದುರಿತು, ಚಿಟಿಕೆಯಷ್ಟು. ತಲೆ ಎತ್ತಿ ನೋಡಿದರೆ ಗೋಡೆ ಮತ್ತು ಸೂರು ಸೇರುವ ಕಡೆ ಒಂದು ಬಿರುಕು, ಅದರೊಳಗೆ ಬೆಳಕು ಕಾಣುತ್ತಿತ್ತು.

ಅಲ್ಲಿಂದ ನೇರ ಹಳೆಯ ದಫ್ತರ ಇಟ್ಟಿರುವ ಕೋಣೆಗೆ ಓಡಿದೆ. ಎಂಬತ್ತು ವರ್ಷ ಹಿಂದಿನ ಒಂದು ಪುಟದಲ್ಲಿ ಮೂರು ಸಾಲು ಸಿಕ್ಕಿತು. "ಕೈದಿ ಹೆಂಗಸರು ಹೆಚ್ಚಾದ್ದರಿಂದ ಮಹಡಿಯ ನಡುಗೋಡೆ ಒಡೆದು ಸರಿಸಿ ಕಟ್ಟಲಾಯಿತು. ಕೆಲಸ ಕೈದಿಗಳಿಂದ. ತೊಲೆ ಬಾಗಿದ ಕಾರಣ ಕೆಳಗೆ ಎರಡು ಕಂಬ ಕೊಡಲಾಯಿತು." ಅಂದರೆ ಆ ಗೋಡೆ ಗೋಡೆಯ ಮೇಲೆ ನಿಂತಿಲ್ಲ ಅಕ್ಕ, ಒಂದೇ ಒಂದು ಮರದ ತೊಲೆಯ ಮೇಲೆ ನಿಂತಿದೆ. ಆ ತೊಲೆಯನ್ನು ಹೊತ್ತಿದ್ದ ಎರಡು ಕಂಬಗಳನ್ನು ನಾವು ತೆಗೆದುಬಿಟ್ಟಿದ್ದೇವೆ.

ಬಿರುಕಿಗೆ ಅಡ್ಡವಾಗಿ ತೆಳ್ಳಗಿನ ಗಾಜಿನ ಪಟ್ಟಿ ಅಂಟಿಸಿ ಬಂದಿದ್ದೇನೆ. ಗೋಡೆ ಸ್ವಲ್ಪ ಅಲ್ಲಾಡಿದರೂ ಗಾಜು ಒಡೆಯುತ್ತದೆ. ನಿನ್ನೆ ನೋಡಿದೆ, ಒಡೆದಿಲ್ಲ. ಇವತ್ತೂ ಒಡೆದಿಲ್ಲ. ಯಾರಿಗೂ ಹೇಳಿಲ್ಲ. ಒಡೆಯದಿದ್ದರೆ ಹೇಳುವ ಪ್ರಸಂಗವೇ ಬರಲಿಕ್ಕಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ. ನಾಚಿಕೆಯಾಗುತ್ತದೆ, ಆದರೆ ನಾಚಿಕೆಗಿಂತ ಭಯವೇ ದೊಡ್ಡದಾಗಿದೆ. ಇಲಾಖೆಯಲ್ಲಿ ನನ್ನ ಕೈಯ ಅಳತೆ ಎಂದರೆ ಕಣ್ಣುಮುಚ್ಚಿ ರುಜು ಹಾಕುತ್ತಿದ್ದರು. ಆ ಒಂದು ಹೆಸರು ಬಿಟ್ಟರೆ ನನ್ನ ಹತ್ತಿರ ಬೇರೇನಿದೆ?

ಈಗ ಮುಖ್ಯ ವಿಷಯ. ಇಪ್ಪತ್ತನಾಲ್ಕಕ್ಕೆ ಉದ್ಘಾಟನೆ. ಹಿಂದೆ ಅಲ್ಲಿದ್ದ ಹೆಂಗಸರನ್ನೆಲ್ಲ ಕರೆಸಿ ಅದೇ ವಾರ್ಡಿನಲ್ಲಿ ಕುರ್ಚಿ ಹಾಕಿ ಕೂರಿಸುತ್ತಾರಂತೆ. ನಿನಗೂ ಆಹ್ವಾನ ಬಂದಿದೆ, "ಬಾಗಿಲು ತೆರೆದಿರುವಾಗ ಆ ಕೋಣೆ ಹೇಗಿರುತ್ತೋ ಒಂದ್ಸಲ ನೋಡ್ಬೇಕು, ಬಂದೇ ಬರ್ತೀನಿ" ಎಂದು ನೀನು ಬರೆದಿದ್ದೀಯ. ಬರಬೇಡ ಅಕ್ಕ. ಮೆಟ್ಟಿಲು ಕಡಿದಾಗಿವೆ, ನಿನ್ನ ಮಂಡಿಗೆ ಆಗುವುದಿಲ್ಲ ಎಂದು ಬರೆಯೋಣ ಎಂದುಕೊಂಡಿದ್ದೆ. ನಿನ್ನ ಹತ್ತಿರ ಅದು ನಡೆಯುವುದಿಲ್ಲ. ಅದಕ್ಕೇ ಇಷ್ಟುದ್ದ ಬರೆದೆ.

ನಿನ್ನ ಆಶೀರ್ವಾದ ಬೇಡುವ,
ಚೋಟು


ಮಾರ್ಚ್ ೧೮, ಸೋಮವಾರ

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ಈ ಸಲ ತಡಮಾಡಿಲ್ಲ, ನೋಡು. ನಿನ್ನ ಕಾರ್ಡು ಶುಕ್ರವಾರ ಕೈಗೆ ಬಂತು. "ಮಂಡಿ ನಂದು, ನಡುಕ ನಿಂದು. ನನಗೆ ಬರೆದು ಏನು ಬಂತು? ನಾನೇನು ಬಂದು ಗೋಡೆ ಹಿಡ್ಕೊಂಡು ನಿಂತ್ಕೊಳ್ಳಾ? ಹೇಳ್ಬೇಕಾದೋರಿಗೆ ಹೇಳು. ನಾನಂತೂ ಬರ್ತೀನಿ." ನನ್ನಾಕೆ ಅದನ್ನು ಗಟ್ಟಿಯಾಗಿ ಓದಿ ಬಿದ್ದು ಬಿದ್ದು ನಕ್ಕಳು. ಆಮೇಲೆ ನನ್ನ ಮುಖ ನೋಡಿ, "ಏನ್ರೀ ಇದು, ನನಗೂ ಹೇಳಿಲ್ವಲ್ಲ?" ಎಂದಳು. ಹೇಳಿದೆ. ಅವಳು ನನ್ನ ಚಪ್ಪಲಿ ತಂದು ಬಾಗಿಲ ಹತ್ತಿರ ಇಟ್ಟಳು. ಆದರೆ ಆಗಲೇ ಕತ್ತಲಾಗಿತ್ತು, ಜೈಲಿನ ಗೇಟು ಮುಚ್ಚಿರುತ್ತದೆ ಎಂದು ನಾನು ಬೆಳಿಗ್ಗೆಗೆ ಮುಂದೂಡಿದೆ.

ಶನಿವಾರ ಹತ್ತು ಗಂಟೆಗೆ ಹೋದೆ. ಹೇಳುವ ಮುಂಚೆ ಇನ್ನೊಂದು ಸಲ ಗಾಜು ನೋಡಿಬಿಡೋಣ ಎಂದು ಮಹಡಿ ಹತ್ತಿದೆ. ಗಾಜು ನಡುವಿಗೆ ಎರಡು ತುಂಡಾಗಿತ್ತು. ಎರಡು ತುಂಡುಗಳ ನಡುವೆ ಕಾಳಿನಷ್ಟು ಸಂದು.

ಅಷ್ಟರಲ್ಲಿ ಹಿಂದಿನಿಂದ ಏದುಸಿರು ಕೇಳಿಸಿತು. ಆರು ಜನ ಕೂಲಿಯಾಳುಗಳು ಜೈಲಿನ ಹಳೆಯ ಕಬ್ಬಿಣದ ಪೆಟ್ಟಿಗೆಯನ್ನು ಹಗ್ಗ ಕಟ್ಟಿ ಹೊತ್ತು ಒಳಗೆ ತರುತ್ತಿದ್ದರು. ಅದನ್ನು ನಡುಗೋಡೆಗೆ ಒರಗಿಸಿ ಇಡಬೇಕೆಂದು ಯಾರೋ ಹೇಳಿದ್ದರಂತೆ. ಕಿರುಚಿದರೆ ಗಾಬರಿಯಿಂದ ಕೈಬಿಡುತ್ತಾರೆ, ಸುಮ್ಮನಿದ್ದರೆ ಇಳಿಸುತ್ತಾರೆ. ಮಲಗಿದ ಮಗುವಿನ ಹತ್ತಿರ ಮಾತಾಡುವ ಹಾಗೆ ಮೆಲ್ಲಗೆ ಹೇಳಿದೆ. "ಅಣ್ಣಂದಿರಾ, ಅದನ್ನ ಇಳಿಸ್ಬೇಡಿ. ಹೊತ್ಕೊಂಡೇ ಹಿಂದಕ್ಕೆ ಹೆಜ್ಜೆ ಹಾಕಿ."

"ಯಾಕ್ ಸಾರ್? ಈಗಷ್ಟೇ ಮೇಲ್ ತಂದಿದೀವಿ, ಸೊಂಟ ಬಿದ್ದೋಯ್ತು."

"ಇದರ ಕೆಳಗೆ ಆಸರೆ ಇಲ್ಲ. ಏನೂ ಇಲ್ಲ."

ಮುಂದಿದ್ದವನು ಹಲ್ಲು ಕಿರಿದ. "ಏನೂ ಇಲ್ಲ ಅಂದ್ರೆ ಹೆಂಗ್ ಸಾರ್? ನಮ್ ಇಂಜಿನಿಯರಮ್ಮ ಇದಾರಲ್ಲ ಕೆಳಗೆ."

ಅಕ್ಕ, ಆ ಮಾತು ಕೇಳಿ ನಾನು ಕೈಯಲ್ಲೇ ಹಿಂದೆ, ಹಿಂದೆ ಎಂದು ಸನ್ನೆ ಮಾಡಿದೆ. ಅವರು ಒಂದೊಂದೇ ಹೆಜ್ಜೆ ಹಿಂದೆ ಸರಿದರು. ಪ್ರತಿ ಹೆಜ್ಜೆಗೂ ನೆಲದಡಿಯಲ್ಲಿ ತೊಲೆ ನರಳುತ್ತಿತ್ತು. ಹಳೆಯ ಮಂಚದಲ್ಲಿ ದಪ್ಪನೆಯವರು ಮಗ್ಗುಲು ಬದಲಾಯಿಸಿದಾಗ ಬರುತ್ತದಲ್ಲ, ಅಂಥ ಸದ್ದು. ಈಗ ಅವರಿಗೂ ಕೇಳಿಸಿತು. ಯಾರೂ ಹಲ್ಲು ಕಿರಿಯಲಿಲ್ಲ. ಕೊನೆಗೆ ಪೆಟ್ಟಿಗೆ ಮೆಟ್ಟಿಲ ತುದಿಯ ಗಟ್ಟಿ ನೆಲ ಮುಟ್ಟಿತು.

ಕೆಳಗೆ ಓಡಿದೆ. ಇಂಜಿನಿಯರಮ್ಮ ಸರಿಯಾಗಿ ಆ ತೊಲೆಯ ಕೆಳಗೇ ನಿಂತಿದ್ದಳು. ಮೂವತ್ತರ ಆಸುಪಾಸಿನ ಹುಡುಗಿ, ನನ್ನ ಮಗಳಾಗಬಹುದು. ಕೈಯಲ್ಲಿ ನನ್ನ ನಕ್ಷೆ.

"ಅಮ್ಮಾ, ಈಚೆ ಬಾ."

"ಒಂದ್ನಿಮಿಷ ಸರ್, ಇದೊಂದು ಗುರ್ತು ಹಾಕಿ..."

"ನಿಮಿಷ ಇಲ್ಲಮ್ಮ. ನಿನ್ನ ಕೈಲಿರೋ ನಕ್ಷೆ ಸುಳ್ಳು."

ಅವಳು ನನ್ನನ್ನು ನೋಡಿದಳು, ಆಮೇಲೆ ತಲೆ ಎತ್ತಿ ಸೂರು ನೋಡಿದಳು, ಏನೂ ಕೇಳದೆ ನೆಟ್ಟಗೆ ಹೊರಗೆ ಬಂದಳು. ಅಂಗಳದಲ್ಲಿ ನಿಂತು ಎಲ್ಲ ಹೇಳಿದೆ. ಮೇಲಿನ ಗೋಡೆಯ ಜಾಗ ತಪ್ಪು, ಕಂಬಗಳು ಭಾರ ಹೊತ್ತಿದ್ದವು, ಮೇಲಿನದನ್ನು ನಾನು ಅಳೆದಿರಲಿಲ್ಲ, ಕೆಳಗಿನದನ್ನೇ ನಕಲು ಹೊಡೆದೆ. ಸುತ್ತ ಕೂಲಿಯಾಳುಗಳು, ಮೇಸ್ತ್ರಿ, ಬಡಗಿ ಎಲ್ಲರೂ ನಿಂತು ಕೇಳುತ್ತಿದ್ದರು.

"ಯಾಕೆ ಸರ್?" ಎಂದಳು. ಕೋಪ ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ದನಿಯಲ್ಲಿ ಕೋಪ ಇರಲಿಲ್ಲ. "ಅಳತೆ ನಕ್ಷೆ ಅಂದ್ರೆ ಹೀಗಿರ್ಬೇಕು ಅಂತ ಕಾಲೇಜಲ್ಲಿ ನಿಮ್ಮ ಹಾಳೆನೇ ತೋರಿಸ್ತಿದ್ರು ಸರ್ ನಮಗೆ." ಅನುಮತಿ ಸಿಗಲಿಲ್ಲ, ಅವಸರ ಇತ್ತು ಎಂದು ನಿನಗೆ ಬರೆದದ್ದನ್ನೇ ಅವಳಿಗೂ ಹೇಳಿದೆ.

ಮಧ್ಯಾಹ್ನದೊಳಗೆ ಆರು ಕಬ್ಬಿಣದ ಆಸರೆ ಕಂಬಗಳು ಬಂದವು. ತೊಲೆಯ ಕೆಳಗೆ ಮೊದಲನೆಯದನ್ನು ಯಾರು ನಿಲ್ಲಿಸಬೇಕು ಎಂದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ನಾನು ಹೋದೆ, ಮೇಸ್ತ್ರಿ ಜೊತೆಗೆ ಬಂದ. ಶೌರ್ಯ ಎಂದುಕೊಳ್ಳಬೇಡ. ಮೇಸ್ತ್ರಿಯೇ ನನ್ನ ಮುಖ ನೋಡಿ, "ಉಸಿರಾಡಿ ಸಾಮಿ, ಉಸಿರಾಡಿದ್ರೆ ಏನೂ ಬೀಳಲ್ಲ" ಎಂದ. ಕಂಬದ ತಿರುಪು ಬಿಗಿಯುತ್ತಿದ್ದ ಹಾಗೆ ತೊಲೆ ಒಂದು ಸಲ ಚಟ್ ಎಂದಿತು. ಅದೊಂದು ಕ್ಷಣ ನನ್ನ ಕಣ್ಣ ಮುಂದೆ ಇಪ್ಪತ್ತನಾಲ್ಕನೆಯ ತಾರೀಕು, ಮೇಲೆ ಕುರ್ಚಿಗಳ ಸಾಲು, ಅದರಲ್ಲಿ ನೀನು. ಬೇರೆ ಯಾರ ಮುಖವೂ ಬರಲಿಲ್ಲ.

ಆರೂ ನಿಂತ ಮೇಲೆ ಮೇಸ್ತ್ರಿ ಗೋಡೆ ಕೆತ್ತಿ ತೊಲೆಯ ತುದಿ ತೋರಿಸಿದ. ಕೈ ಹಾಕಿದರೆ ಹಿಟ್ಟಿನ ಹಾಗೆ ಉದುರಿತು. "ಇದು ಗೋಡೆ ಹೊತ್ತಿರ್ಲಿಲ್ಲ ಸಾಮಿ, ಗೋಡೆನೇ ಇದನ್ನ ಕಚ್ಕೊಂಡಿತ್ತು" ಎಂದ.

ಸಂಜೆ ಅಧ್ಯಕ್ಷರು ಬಂದು, "ಮೂವತ್ಮೂರು ವರ್ಷ ನಿಮ್ಮ ಒಂದು ಗೆರೆ ನಂಬ್ಕೊಂಡು ಕೂತಿದ್ವಲ್ರೀ" ಎಂದು ಎಲ್ಲರ ಎದುರು ಕೂಗಾಡಿದರು. ಪುಸ್ತಿಕೆಯಿಂದ ನನ್ನ ಹೆಸರು ತೆಗೆಯಿರಿ ಎಂದು ನಾನೇ ಹೇಳಿದೆ. ಇಂಜಿನಿಯರಮ್ಮ ಒಪ್ಪಲಿಲ್ಲ. "ಹೆಸರೂ ಇರ್ಲಿ, ತಪ್ಪೂ ಇರ್ಲಿ ಸರ್. ಇದೂ ಈ ಕಟ್ಟಡದ ಚರಿತ್ರೆನೇ ಅಲ್ವಾ? ನೀವೇ ಬರೀರಿ" ಎಂದಳು. ನಿನ್ನೆ ಇಡೀ ದಿನ ಕೂತು ಆ ಒಂದು ಪುಟ ಬರೆದೆ. ಇಷ್ಟು ವರ್ಷದಲ್ಲಿ ಒಂದು ಪುಟಕ್ಕೆ ಇಷ್ಟು ಬೆವರಿದ್ದಿಲ್ಲ.

ಉದ್ಘಾಟನೆ ನಿಂತಿಲ್ಲ. ಕುರ್ಚಿಗಳೆಲ್ಲ ಅಂಗಳಕ್ಕೆ ಬಂದಿವೆ. ಮಹಡಿ ಮುಚ್ಚಿದೆ, ಆದರೆ ನಿನ್ನ ವಿಷಯ ಹೇಳಿದಾಗ ಇಂಜಿನಿಯರಮ್ಮ, "ಮೆಟ್ಟಿಲು ಹತ್ತಿಸಿ ಮೂಲೆವರೆಗೂ ನಾನೇ ಕೈ ಹಿಡಿದು ಕರ್ಕೊಂಡು ಹೋಗ್ತೀನಿ, ಅಲ್ಲಿಂದ ಕೋಣೆ ಕಾಣುತ್ತೆ" ಎಂದಿದ್ದಾಳೆ. ತಲೆಗೆ ಹಳದಿ ಟೋಪಿ ಹಾಕುತ್ತಾರೆ, ಬೇಡ ಎಂದು ಜಗಳ ತೆಗೆಯಬೇಡ. ಬಾ ಅಕ್ಕ. ಶನಿವಾರವೇ ಬಂದುಬಿಡು, ನನ್ನಾಕೆ ಹಾಸಿಗೆ ಬಿಸಿಲಿಗೆ ಹಾಕಿ ಕಾಯುತ್ತಿದ್ದಾಳೆ. ನಿನ್ನ ಹೊಲಿಗೆ ಹುಡುಗಿಯರಿಗೆ ನನ್ನ ಆಶೀರ್ವಾದ ತಿಳಿಸು. ನನಗೆ ನಿನ್ನದು ಬೇಕು, ಓದಿ ಮುಗಿಸಿದ ಮೇಲೂ ಕೊಡಬೇಕೆನಿಸಿದರೆ.

ನಿನ್ನ ತಮ್ಮ,
ಚೋಟು

ತಾ.ಕ.: ಕಾಗದ ಮಡಚಿ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಅನುಮತಿ, ಅವಸರ ಎಂದು ನಿನಗೂ ಆ ಹುಡುಗಿಗೂ ಹೇಳಿದ್ದು ಸುಳ್ಳು. ಅನುಮತಿ ಸಿಕ್ಕಿತ್ತು. ಹನ್ನೊಂದನೆಯ ದಿನ ನಾನು ಮೇಲೆ ಹತ್ತಿದ್ದೆ, ಜೈಲರ್ ಜೊತೆಗಿದ್ದರು. ಮೆಟ್ಟಿಲ ತುದಿಯಲ್ಲಿ ಟೇಪಿನ ಒಂದು ತುದಿ ವಾರ್ಡರನಿಗೆ ಕೊಟ್ಟು "ಹನ್ನೊಂದಡಿ ಮೂರಂಗುಲ" ಎಂದು ಗಟ್ಟಿಯಾಗಿ ಓದಿದೆ. ಮೂಲೆಯ ಆಚೆಯಿಂದ ನಿನ್ನ ದನಿ ಬಂತು. "ಚೋಟೂ? ಲೋ ಚೋಟು, ನೀನೇನೋ?" ಜೈಲರ್ ನನ್ನ ಮುಖ ನೋಡಿ, "ನಿಮಗೆ ಬೇಕಾದೋರಾ?" ಎಂದರು. ನೌಕರಿಯ ಅರ್ಜಿಯಲ್ಲಿ ಮನೆಯವರ ಮೇಲೆ ಯಾವ ಮೊಕದ್ದಮೆಯೂ ಇಲ್ಲ ಎಂದು ಬರೆದಿದ್ದೆ. "ಅಲ್ಲ ಸರ್, ಯಾರೋ ಗೊತ್ತಿಲ್ಲ" ಎಂದೆ. "ಇದೂ ಕೆಳಗಿನ ಹಾಗೇ ಇದೆ, ಸಾಕು" ಎಂದು ಟೇಪು ಸುತ್ತಿಕೊಂಡು ಇಳಿದುಬಿಟ್ಟೆ. ಮೂಲೆ ತಿರುಗಲಿಲ್ಲ. ನೀನು ಇನ್ನೊಂದು ಸಲ ಕೂಗಲಿಲ್ಲ.

ನಿನಗೆ ನನ್ನ ಮಾತು ಕೇಳಿಸಿರಲಿಕ್ಕಿಲ್ಲ ಎಂದು ಇಷ್ಟು ವರ್ಷ ನಂಬಿಕೊಂಡು ಬಂದೆ. ನಿಮ್ಮ ಬಾಗಿಲು ಎಲ್ಲೋ ದೂರ, ದಪ್ಪ ಹಲಗೆಯದು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಇವತ್ತು ಬೆಳಿಗ್ಗೆ ಹೋಗಿ ಅದನ್ನೂ ಅಳೆದೆ. ನಾನು ನಿಂತಿದ್ದ ಜಾಗದಿಂದ ನಿಮ್ಮ ಬಾಗಿಲಿಗೆ ಒಂಬತ್ತಡಿ. ಅದಕ್ಕೆ ಹಲಗೆಯೇ ಇಲ್ಲ ಅಕ್ಕ, ಬರೀ ಸರಳು.

ಬಿಡುಗಡೆಯಾಗಿ ಬಂದ ದಿನ ನನ್ನ ತಲೆ ಸವರಿ "ಎಷ್ಟು ಸೊರಗಿದ್ದೀಯೋ" ಎಂದೆ. ಬೇರೇನೂ ಕೇಳಲಿಲ್ಲ, ಇವತ್ತಿನವರೆಗೂ ಕೇಳಿಲ್ಲ. ಬಂದಾಗ ಏನು ಬೇಕಾದರೂ ಅನ್ನು. ಕೇಳಿಸಿರಲಿಲ್ಲ ಎಂದು ಮಾತ್ರ ಹೇಳಬೇಡ.